ಮಂಡಿಯ ಉಬುಂಟು ಯಂತ್ರಕ್ಕೆ 777 ಬಡಿದಾಗ: ರಿಪೇರಿ ಡೈರಿ

ಯಂತ್ರ ಇರುವುದು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಮಂಡಿಯ ಹಿಂದಿನ ಕೋಣೆಯಲ್ಲಿ. ಹಳೇ ಆಫೀಸ್ ಡೆಸ್ಕ್‌ಟಾಪ್, 8 ಜಿಬಿ ರ್‍ಯಾಮ್, ಸಿಸ್ಟಂಗೆ 240 ಜಿಬಿ ಎಸ್‌ಎಸ್‌ಡಿ, ಲೆಕ್ಕ ಇಡಲು 1 ಟಿಬಿ ಹಾರ್ಡ್‌ಡಿಸ್ಕ್. ಉಬುಂಟು 22.04. ಅದು ಲಿನಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ. ಅದರ ಮೇಲೆ ಅಪಾಚೆ (ವೆಬ್ ಸರ್ವರ್), ಪಿಎಚ್‌ಪಿ (ವೆಬ್ ಆ್ಯಪ್ ಓಡಿಸುವ ಭಾಷೆ), ಮರಿಯಾಡಿಬಿ (ಲೆಕ್ಕ ಇಡುವ ಡೇಟಾಬೇಸ್). ಇವುಗಳ ಮೇಲೆ ಓಡುವ ಒಂದು ಸಣ್ಣ ಬಿಲ್ಲಿಂಗ್ ಆ್ಯಪ್. ಗಲ್ಲಾ ಹತ್ತಿರದ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆರೆದು ರೈತರ ಪಟ್ಟಿ, ಅಂದರೆ ಮಾಲು ಮಾರಿದ ಲೆಕ್ಕದ ಚೀಟಿ, ಮಾಡುತ್ತಾರೆ. ಪ್ರಿಂಟರ್ ಮಾತ್ರ ಈ ಡೆಸ್ಕ್‌ಟಾಪ್‌ಗೇ ಸಿಕ್ಕಿಸಿದೆ. ಮೆಕ್ಕೆಜೋಳದ ಸೀಸನ್, ಅಂದರೆ ಈ ಡಬ್ಬಿ ಒಂದು ಗಂಟೆ ನಿಂತರೂ ಮುಂದೆ ಟ್ರ್ಯಾಕ್ಟರ್ ಸಾಲು ಬೆಳೆಯುವ ಕಾಲ.

ಒಂದು ಸೂಚನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಬುಧವಾರ ಸಂಜೆ: ಕೊಟ್ಟ ಕಮಾಂಡ್

ಇದನ್ನು ಆಮೇಲೆ ಟರ್ಮಿನಲ್‌ನ ಹಿಸ್ಟರಿ ನೋಡಿ ಜೋಡಿಸಿಕೊಂಡೆ. ಪಟ್ಟಿಯ ಪಿಡಿಎಫ್ ಫೋಲ್ಡರಿಗೆ ಸೇವ್ ಆಗುತ್ತಿರಲಿಲ್ಲ, ಪರ್ಮಿಶನ್ ಇಲ್ಲ ಅಂತ ಬರುತ್ತಿತ್ತು. ಅಂಗಡಿಯ ಹುಡುಗ ಚುರುಕು. ಇಂಟರ್‌ನೆಟ್‌ನಲ್ಲಿ ಹುಡುಕಿದ. ಎಲ್ಲರೂ ಕೊಡುವ ಉತ್ತರವೇ ಅವನಿಗೂ ಸಿಕ್ಕಿತು: 777 ಕೊಡು. ಅನುಮತಿಯ ಮೂರು ಅಂಕಿ ಮಾಲೀಕ, ಗುಂಪು, ಉಳಿದವರು ಅನ್ನುವ ಮೂವರಿಗೆ. 7 ಅಂದರೆ ಓದಲು, ಬರೆಯಲು, ಓಡಿಸಲು ಮೂರಕ್ಕೂ ಅನುಮತಿ. ಅವನು ಟೈಪ್ ಮಾಡಿದ್ದು ಹೀಗೆ:

ಸುಡೋ ಚ್‌ಮಾಡ್ -ಆರ್ 777 / ಆಪ್ಟ್/ಮಂಡಿ/ಪಟ್ಟಿ

ಚ್‌ಮಾಡ್ ಅಂದರೆ ಅನುಮತಿ ಬದಲಿಸುವ ಕಮಾಂಡ್. -ಆರ್ ಅಂದರೆ ಒಳಗಿರುವ ಎಲ್ಲಕ್ಕೂ. ಮುಂದಿನ ಸುಡೋ ಅದನ್ನು ರೂಟ್, ಅಂದರೆ ಪೂರ್ತಿ ಅಧಿಕಾರ ಇರುವ ಯೂಸರ್ ಆಗಿ ಓಡಿಸುತ್ತದೆ. ಮೊದಲ ಸ್ಲ್ಯಾಶ್ ಆದ ಮೇಲೆ ಒಂದು ಸ್ಪೇಸ್ ಇದೆ. ಹಾಗಾಗಿ ಚ್‌ಮಾಡ್‌ಗೆ ಎರಡು ಕೆಲಸ ಸಿಕ್ಕಿತು. ಒಂದು, ಸ್ಲ್ಯಾಶ್, ಅಂದರೆ ಇಡೀ ಸಿಸ್ಟಂ. ಇನ್ನೊಂದು, ಆಪ್ಟ್/ಮಂಡಿ/ಪಟ್ಟಿ ಅನ್ನುವ, ಅಲ್ಲೆಲ್ಲೂ ಇಲ್ಲದ ಫೋಲ್ಡರ್. ಮೊದಲನೆಯದನ್ನು ಅದು ಪೂರ್ತಿ ಮಾಡಿ ಮುಗಿಸಿತು. ನಡುವೆ /ಪ್ರಾಕ್ ಕೆಳಗಿನ ಫೈಲ್‌ಗಳು ಬಗ್ಗಲಿಲ್ಲ. /ಸ್ನ್ಯಾಪ್ ಕೆಳಗಿನವು ಓದಲಷ್ಟೇ ಬರುವ ಫೈಲ್‌ಗಳು, ಅವೂ ಬಗ್ಗಲಿಲ್ಲ. ಅವುಗಳ ಎರರ್ ಸಾಲುಗಳು ಸರಸರನೆ ಓಡಿದವು. ಕೊನೆಗೆ ಪರದೆ ಮೇಲೆ ಉಳಿದ ಸಾಲು: ಆಪ್ಟ್/ಮಂಡಿ/ಪಟ್ಟಿ, ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ.

ಅದನ್ನು ಓದಿದ ಯಾರಿಗಾದರೂ ಏನನಿಸುತ್ತದೆ? ಕಮಾಂಡ್ ನಡೆಯಲಿಲ್ಲ ಅಂತ ತಾನೇ. ಹುಡುಗನೂ ಹಾಗೇ ಅಂದುಕೊಂಡ. ಸ್ಪೇಸ್ ತೆಗೆದು ಸರಿಯಾಗಿ ಮತ್ತೆ ಟೈಪ್ ಮಾಡಿದ. ಈ ಸಲ ಸುಡೋನೇ ತಿರುಗಿಬಿತ್ತು: ನನ್ನ ಮಾಲೀಕ ಯುಐಡಿ 0 (ಅಂದರೆ ರೂಟ್) ಆಗಿರಬೇಕು, ಸೆಟ್‌ಯುಐಡಿ ಬಿಟ್ ಇರಬೇಕು ಅಂತ. ಯಾರು ಓಡಿಸಿದರೂ ಪ್ರೋಗ್ರಾಂ ತನ್ನ ಮಾಲೀಕನ ಅಧಿಕಾರದಲ್ಲಿ ಓಡುವಂತೆ ಮಾಡುವ ಗುರುತು ಈ ಬಿಟ್. ಅರ್ಥವಾಗಲಿಲ್ಲ. ಯಂತ್ರ ರೀಸ್ಟಾರ್ಟ್ ಮಾಡಿ ಮನೆಗೆ ಹೋದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲರೂ ಹೆದರುವುದು ಫೈಲ್ ಅಳಿಸುವ ಆರ್‌ಎಂ ಕಮಾಂಡಿಗೆ. ಆದರೆ ಲಿನಕ್ಸ್‌ನಲ್ಲಿ ಬರುವ ಗ್ನೂ ಆರ್‌ಎಂ 2006ರಿಂದಲೇ ಬರೀ ಸ್ಲ್ಯಾಶ್ ಕೊಟ್ಟರೆ ಅಳಿಸಲ್ಲ ಅನ್ನುತ್ತದೆ. ಪ್ರಿಸರ್ವ್-ರೂಟ್ ಅನ್ನುವ ಕಾವಲು ಅದರಲ್ಲಿ ತಾನಾಗಿಯೇ ಇರುತ್ತದೆ. ಚ್‌ಮಾಡ್ ಮತ್ತು ಚ್‌ಓನ್‌ಗೆ (ಫೈಲ್‌ನ ಮಾಲೀಕನನ್ನು ಬದಲಿಸುವ ಕಮಾಂಡ್) ಆ ಕಾವಲು ಇದೆ, ಆದರೆ ನಾವೇ ಕೇಳಿದರೆ ಮಾತ್ರ. ಕೇಳದಿದ್ದರೆ ಸ್ಲ್ಯಾಶ್ ಅಂದರೂ ಸುಮ್ನೆ ಇಳಿದುಬಿಡುತ್ತವೆ. ಸ್ಪೇಸ್ ತಪ್ಪು ಕಲಿಯುವವರದು ಮಾತ್ರ ಅಂತ ನಗಬೇಡಿ. 2011ರಲ್ಲಿ ಬಂಬಲ್‌ಬೀ ಅನ್ನುವ ಗ್ರಾಫಿಕ್ಸ್ ಪ್ರಾಜೆಕ್ಟಿನ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲೇ ಇಂಥದೊಂದು ಸ್ಪೇಸ್ ನುಸುಳಿತ್ತು. ಅದನ್ನು ಓಡಿಸಿದವರ ಇಡೀ /ಯುಎಸ್‌ಆರ್ ಅಳಿಸಿಹೋಗುತ್ತಿತ್ತು.

ಗುರುವಾರ ಮಧ್ಯಾಹ್ನ: ಏನೇನು ಕೆಟ್ಟಿದೆ

ಫೋನ್‌ನಲ್ಲಿ ಸಾವ್ಕಾರ್ರು ಹೇಳಿದ್ದು ಮೂರು ತೊಂದರೆ. ಪ್ರಿಂಟ್ ಬರುತ್ತಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್‌ನಲ್ಲಿ ಬಿಲ್ಲಿಂಗ್ ತೆರೆಯಲೇ ಇಲ್ಲ, ಆಮೇಲೆ ಹುಡುಗ ಏನೋ ಮಾಡಿ ತೆರೆದ. ಮೂರನೆಯದು ಹೇಳುವಾಗ ಅವರ ದನಿ ಬದಲಾಯಿತು. "ಹೋದ ವಾರ ಮಾಲು ಹಾಕಿದ ರೈತ್ರು ಬಾಕಿ ಕೇಳೋಕೆ ಬಂದಾರೆ. ಅವರ ಹೆಸ್ರಲ್ಲಿ ಏನೂ ಕಾಣ್ತಿಲ್ಲಪ್ಪಾ. ಈ ವರ್ಷದ ಲೆಕ್ಕನೇ ಇಲ್ಲ."

ಮನೆಯಿಂದಲೇ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ದಾರಿ) ಒಳಗೆ ಹೋಗಿ ನೋಡೋಣ ಅಂದರೆ ಸಂಪರ್ಕವೇ ಇಲ್ಲ. ಅಲ್ಲಿಗೆ ಹೋದ ಮೇಲೆ ಮೊದಲ ಅರ್ಧ ಗಂಟೆ ರೌಟರ್ ಮತ್ತು ಸ್ವಿಚ್ ಮೇಲೆ ಹೋಯಿತು. ಕೇಬಲ್ ಬದಲಿಸಿ ನೋಡಿದೆ, ಪೋರ್ಟ್ ಬದಲಿಸಿ ನೋಡಿದೆ. ನೆಟ್‌ವರ್ಕ್ ಸರಿಯಾಗೇ ಇತ್ತು. ಯಂತ್ರದ ಐಪಿ ವಿಳಾಸ ಬೇರೆ ಆಗಿತ್ತು, ಅಷ್ಟೇ. ಹುಡುಗ ಬೆಳಿಗ್ಗೆ ಹೊಸ ವಿಳಾಸ ಹುಡುಕಿ ಬ್ರೌಸರ್‌ನಲ್ಲಿ ಹಾಕಿದ್ದ. "ಏನೋ ಮಾಡಿ ತೆರೆದ" ಅಂದರೆ ಇದು.

ಆಮೇಲೆ ಡೆಸ್ಕ್‌ಟಾಪ್ ಮುಂದೆ ಕೂತು ಲಾಗ್ ತೆರೆದೆ. ಬೂಟ್ ಆಗುವಾಗ ಸೇವೆಗಳನ್ನೆಲ್ಲ ಶುರುಮಾಡುವ ಸಿಸ್ಟಂಡಿ ಒಂದೊಂದು ಫೈಲ್‌ಗೂ ಒಂದೊಂದು ಸಾಲು ಬರೆದಿತ್ತು: ಈ ಕಾನ್ಫಿಗರೇಶನ್ ಫೈಲ್ ಯಾರು ಬೇಕಾದರೂ ಬರೆಯುವಂತಿದೆ, ಆ ಅನುಮತಿ ತೆಗೆಯಿರಿ, ಸದ್ಯಕ್ಕೆ ಮುಂದುವರಿಯುತ್ತೇನೆ ಅಂತ. ನೂರಾರು ಸಾಲು. ರೂಟ್ ಫೋಲ್ಡರ್ ಪಟ್ಟಿ ಮಾಡಿ ನೋಡಿದರೆ ಎಲ್ಲದರ ಮುಂದೂ ಒಂದೇ ಅನುಮತಿ.

777 ಅಂದರೆ ಎಲ್ಲರಿಗೂ ಎಲ್ಲಾ ತೆರೆದಿಟ್ಟ ಹಾಗೆ, ಅದರಿಂದ ಕೆಲಸ ಸಲೀಸಾಗಬೇಕಲ್ವಾ ಅಂತ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಬಾಗಿಲೇ ಇಲ್ಲದ ತಿಜೋರಿಗೆ ಹಣ ಇಡಲ್ಲ ಅಂತ ಗುಮಾಸ್ತ ಕೈಕಟ್ಟಿ ಕೂತ ಹಾಗೆ ಇದು. ಮುಖ್ಯವಾದ ಪ್ರೋಗ್ರಾಂಗಳು ತಮ್ಮ ಫೈಲ್ ಯಾರು ಬೇಕಾದರೂ ತಿದ್ದುವಂತಿದ್ದರೆ ಅದನ್ನು ನಂಬುವುದಿಲ್ಲ. ಕೆಲವು ಕೂಗಿ ನಿಲ್ಲುತ್ತವೆ. ಕೆಲವು ಏನೂ ಹೇಳದೆ ಆ ಫೈಲ್ ಇಲ್ಲವೇನೋ ಅನ್ನುವ ಹಾಗೆ ಮುಂದೆ ಹೋಗುತ್ತವೆ. ಈ ಎರಡನೇ ಜಾತಿಯವೇ ನಮಗೆ ಜಾಸ್ತಿ ಕಾಟ ಕೊಟ್ಟದ್ದು.

ಲಾಗ್‌ನಿಂದ ಹೆಕ್ಕಿದ್ದು:

- ಎಸ್‌ಎಸ್‌ಎಚ್: ಹೋಸ್ಟ್ ಕೀ ಫೈಲ್‌ನ ಅನುಮತಿ 0777, ತೀರಾ ಸಡಿಲ ಅಂತ ಹೇಳಿ ಶುರುವಾಗಲೇ ಇಲ್ಲ.
- ನೆಟ್‌ವರ್ಕ್ ಮ್ಯಾನೇಜರ್: ಸ್ಥಿರ ಐಪಿ ಬರೆದಿದ್ದ ಫೈಲ್ ಸುರಕ್ಷಿತವಲ್ಲ ಅಂತ ಬಿಟ್ಟುಬಿಟ್ಟಿತು. ರೌಟರ್ ಕೊಟ್ಟ ವಿಳಾಸ ತಗೊಂಡಿತು.
- ಕಪ್ಸ್ (ಪ್ರಿಂಟ್ ಸೇವೆ): ಪ್ರಿಂಟರ್ ಫಿಲ್ಟರ್ ಫೈಲ್‌ಗೆ ಅಸುರಕ್ಷಿತ ಅನುಮತಿ ಇದೆ ಅಂತ ಪ್ರಿಂಟ್ ನಿಲ್ಲಿಸಿತು.
- ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೇವೆ): ಬ್ಯಾಕಪ್ ಸಾಲಿನ ಮುಂದೆ "ಇನ್‌ಸೆಕ್ಯೂರ್ ಮೋಡ್" ಅಂತ ಬರೆದು ಬ್ಯಾಕಪ್ ಓಡಿಸಲಿಲ್ಲ.
- ಮರಿಯಾಡಿಬಿ: ಯಾರು ಬೇಕಾದರೂ ಬರೆಯಬಹುದಾದ ಕಾನ್ಫಿಗ್ ಫೈಲ್, ಅದನ್ನು ಕಡೆಗಣಿಸಲಾಗಿದೆ.

ಲೆಕ್ಕ ಮಾಯವಾದ ಕಾರಣ ಈ ಕೊನೆಯ ಸಾಲಿನಲ್ಲಿತ್ತು. ಹೋದ ವರ್ಷ ದೀಪಾವಳಿ ಕಳೆದ ಮೇಲೆ 1 ಟಿಬಿ ಡಿಸ್ಕ್ ಹಾಕಿ, ಲೆಕ್ಕವನ್ನು /ಡೇಟಾ/ಮೈಸೀಕ್ವೆಲ್ ಅನ್ನುವ ಫೋಲ್ಡರಿಗೆ ಸಾಗಿಸಲಾಗಿತ್ತು. ಅದು ಎಲ್ಲಿದೆ ಅಂತ ಮರಿಯಾಡಿಬಿಗೆ ತಿಳಿಸುವುದು ಕಾನ್ಫಿಗ್ ಫೈಲ್‌ನ ಒಂದು ಸಾಲು. ಆ ಫೈಲನ್ನೇ ಓದದಿದ್ದರೆ? ಕಂಪನಿ ಇಟ್ಟ ಮೂಲ ಜಾಗ, ಅಂದರೆ /ವಾರ್ ಒಳಗಿನ ಹಳೇ ಫೋಲ್ಡರ್ ತೆರೆಯುತ್ತದೆ. ಸಾಗಿಸಿದ ಮೇಲೆ ಅದನ್ನು ಅಳಿಸಿರಲಿಲ್ಲ. ಹಾಗಾಗಿ ಡೇಟಾಬೇಸ್ ಯಾವ ಎರರ್ ಕೊಡದೆ ಶುರುವಾಯಿತು, ಲಾಗಿನ್ ಆಯಿತು, ಹೋದ ವರ್ಷ ದೀಪಾವಳಿವರೆಗಿನ ಲೆಕ್ಕ ತೋರಿಸಿತು. ಬೆಳಿಗ್ಗೆಯಿಂದ ಹುಡುಗ ಮಾಡಿದ ಪಟ್ಟಿಗಳೆಲ್ಲ ಆ ಹಳೇ ಪುಸ್ತಕಕ್ಕೆ, ಹಳೇ ನಂಬರಿನ ಮುಂದಕ್ಕೆ ಸೇರಿಕೊಂಡಿದ್ದವು.

ಸಾವ್ಕಾರ್ರಿಗೆ ಹೇಳಿದೆ: ಲೆಕ್ಕ ಎಲ್ಲೂ ಹೋಗಿಲ್ಲ, ಇನ್ನೊಂದು ಡಿಸ್ಕ್‌ನಲ್ಲಿದೆ, ಆದರೆ ಈ ಕ್ಷಣದಿಂದ ಒಂದು ಪಟ್ಟಿಯನ್ನೂ ಕಂಪ್ಯೂಟರ್‌ನಲ್ಲಿ ಮಾಡಬೇಡಿ. ಕೈಬರಹದ ಪುಸ್ತಕ ಹೊರಗೆ ಬಂತು. ಪುಣ್ಯಕ್ಕೆ, ಪ್ರಿಂಟ್ ಬರದ ಕಾರಣ ಬೆಳಿಗ್ಗೆಯ ಪಟ್ಟಿಗಳನ್ನೂ ಹುಡುಗ ಅದರಲ್ಲೇ ಬರೆದಿದ್ದ.

ಗುರುವಾರ ಮಧ್ಯಾಹ್ನ 3: ಮೊದಲು ನಕಲು

ಏನನ್ನೂ ಮುಟ್ಟುವ ಮೊದಲು ಡೇಟಾ ಹೊರಗೆ ತೆಗೆದೆ. ಉಬುಂಟು 22.04ರ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. 16 ಜಿಬಿ ಪೆನ್‌ಡ್ರೈವ್ ಸಾಕು, ಐಎಸ್‌ಒ ಫೈಲ್ ನಾಲ್ಕು ಜಿಬಿಗಿಂತ ಸ್ವಲ್ಪ ಜಾಸ್ತಿ. ಎರಡೂ ಡಿಸ್ಕನ್ನು ಓದಲಷ್ಟೇ ಬರುವಂತೆ ಮೌಂಟ್ ಮಾಡಿಕೊಂಡೆ. ನಕಲು ಮಾಡಿದ್ದು: ಎರಡೂ ಡೇಟಾಬೇಸ್ ಫೋಲ್ಡರ್ (ಹಳೇದೂ ಬೇಕು, ಬೆಳಿಗ್ಗೆಯ ಪಟ್ಟಿ ಅದರಲ್ಲಿದೆ), /ಆಪ್ಟ್/ಮಂಡಿ, /ಇಟಿಸಿ, /ಹೋಮ್.

ನನ್ನ ಎಕ್ಸ್‌ಟರ್ನಲ್ ಡಿಸ್ಕ್ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಡಿಸ್ಕ್ ಮಾದರಿ. ಅದಕ್ಕೆ ಫೈಲ್‌ಗಳನ್ನು ನೇರ ಎಳೆದರೆ ಯಾವ ಫೈಲ್ ಯಾರದು ಅನ್ನುವ ಮಾಹಿತಿ ಉಳಿಯುವುದಿಲ್ಲ. ಅನುಮತಿ ಹಾಳಾಗಿದ್ದರೂ ಮಾಲೀಕತ್ವ ಇನ್ನೂ ಸರಿಯಾಗೇ ಇತ್ತು, ಅದನ್ನು ಕಳೆದುಕೊಳ್ಳುವುದು ಬೇಡ. ಹಾಗಾಗಿ ಟಾರ್ ಮಾಡಿ, ಅಂದರೆ ಮಾಲೀಕತ್ವದ ಮಾಹಿತಿ ಸಮೇತ ಎಲ್ಲವನ್ನೂ ಒಂದೇ ಫೈಲ್‌ಗೆ ಕಟ್ಟಿ ಇಟ್ಟೆ. ಕೆಟ್ಟ ಯಂತ್ರವನ್ನು ಎರಡು ದಿನ ಧೈರ್ಯವಾಗಿ ಕೆದಕಲು ಆದದ್ದು ಈ ಟಾರ್ ಫೈಲ್ ಇದ್ದುದರಿಂದ.

ಗುರುವಾರ ಸಂಜೆ: ರಿಕವರಿ ಮೋಡ್

ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಆಯ್ಕೆ, ಅದರೊಳಗೆ ರಿಕವರಿ, ಅಲ್ಲಿಂದ ರೂಟ್ ಶೆಲ್. ಡಿಸ್ಕ್ ಬರೆಯುವಂತೆ ರೀಮೌಂಟ್ ಮಾಡಿದೆ.

ಸುಡೋ ಒಂದನ್ನು ಎಬ್ಬಿಸುವುದೇ ಮೂರು ಮೆಟ್ಟಿಲಾಯಿತು. ಮೊದಲು ಸುಡೋ ಫೈಲ್‌ಗೆ 4755 ಕೊಟ್ಟೆ. ಮುಂದಿನ 4 ಅಂಕಿಯೇ ಆ ಸೆಟ್‌ಯುಐಡಿ ಬಿಟ್. ಬರೀ 777 ಅಂತ ಕೊಟ್ಟಾಗ ಅಳಿಸಿಹೋದದ್ದು ಅದೇ. ಯೂಸರ್ ಆಗಿ ಪ್ರಯತ್ನಿಸಿದರೆ ಈಗ ಬೇರೆ ದೂರು: ಸುಡೋಯರ್ಸ್ ಡಾಟ್ ಎಸ್‌ಒ ಅನ್ನುವ ಪ್ಲಗಿನ್ ಫೈಲ್ ಮಾಲೀಕನಿಗೆ ಮಾತ್ರ ಬರೆಯುವಂತಿರಬೇಕು. ಅದಕ್ಕೆ 644. ಆಮೇಲೆ ಮೂರನೇ ದೂರು: /ಇಟಿಸಿ/ಸುಡೋಯರ್ಸ್ ಯಾರು ಬೇಕಾದರೂ ಬರೆಯುವಂತಿದೆ. ಅದಕ್ಕೆ 440, ಸುಡೋಯರ್ಸ್ ಡಾಟ್ ಡಿ ಒಳಗಿನ ಫೈಲ್‌ಗಳಿಗೂ 440. ಆಗ ಸುಡೋ ಬಂತು.

ಅದೇ ಶೆಲ್‌ನಲ್ಲಿ ಉಳಿದ ತುರ್ತಿನವು:

- ಎಸ್‌ಯು, ಪಾಸ್‌ವರ್ಡ್ ಬದಲಿಸುವ ಕಮಾಂಡ್, ಮೌಂಟ್: 4755
- ಶ್ಯಾಡೋ ಮತ್ತು ಜಿಶ್ಯಾಡೋ (ಪಾಸ್‌ವರ್ಡ್ ಫೈಲ್‌ಗಳು): 640
- /ಟಿಎಂಪಿ: 1777 (ಮುಂದಿನ 1 ಮರೆತರೆ ಒಬ್ಬರ ಫೈಲ್ ಇನ್ನೊಬ್ಬರು ಅಳಿಸಬಹುದು)
- ಎಸ್‌ಎಸ್‌ಎಚ್ ಖಾಸಗಿ ಹೋಸ್ಟ್ ಕೀಗಳು: 600
- ನೆಟ್‌ವರ್ಕ್ ಮ್ಯಾನೇಜರ್‌ನ ಸಂಪರ್ಕ ಫೈಲ್: 600
- /ಇಟಿಸಿ/ಮೈಸೀಕ್ವೆಲ್ ಒಳಗಿನ ಕಾನ್ಫಿಗ್ ಫೈಲ್‌ಗಳು: 644, ಡೆಬಿಯನ್ ಡಾಟ್ ಸಿಎನ್‌ಎಫ್ ಮಾತ್ರ 600

/ಡೆವ್, /ರನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅವು ಪ್ರತಿ ಬೂಟ್‌ಗೂ ಹೊಸದಾಗಿ ಹುಟ್ಟುತ್ತವೆ.

ರೀಬೂಟ್. ಐಪಿ ಹಳೇ ಸ್ಥಿರ ವಿಳಾಸಕ್ಕೆ ಮರಳಿತು. ಬಿಲ್ಲಿಂಗ್ ತೆರೆದರೆ ಈ ವರ್ಷದ ಲೆಕ್ಕ ಬುಧವಾರ ಸಂಜೆವರೆಗೂ ಇದೆ. ಸಾವ್ಕಾರ್ರು ಆ ರೈತರ ಬಾಕಿ ಎಷ್ಟು ಅಂತ ನೋಡಿ, ಎದ್ದು ಹೋಗಿ ಎಲ್ಲರಿಗೂ ಚಹಾ ಹೇಳಿದರು.

ಬೆಳಿಗ್ಗೆಯ ಪಟ್ಟಿಗಳನ್ನು ಹಳೇ ಡೇಟಾಬೇಸ್‌ನಿಂದ ತಂದು ಸೇರಿಸುವ ಸ್ಕ್ರಿಪ್ಟ್ ಬರೆಯಲು ಕೂತೆ. ನಂಬರ್ ಬೇರೆ, ರೈತರ ಐಡಿ ಬೇರೆ, ಈ ವರ್ಷ ಹೊಸದಾಗಿ ಸೇರಿದ ರೈತರು ಹಳೇದರಲ್ಲಿ ಇಲ್ಲವೇ ಇಲ್ಲ. ಸ್ವಲ್ಪ ಹೊತ್ತು ಗುದ್ದಾಡಿ ಕೈಬಿಟ್ಟೆ. ಹುಡುಗ ಕೈಬರಹದ ಪುಸ್ತಕ ನೋಡಿ ಮತ್ತೆ ಟೈಪ್ ಮಾಡಿದ. ನಾನು ಸ್ಕ್ರಿಪ್ಟ್‌ಗೆ ಕಳೆದ ಸಮಯಕ್ಕಿಂತ ಬೇಗ ಮುಗಿಯಿತು.

ಗುರುವಾರ ರಾತ್ರಿ: ಎಲ್ಲ ಪ್ಯಾಕೇಜ್ ಮರುಸ್ಥಾಪನೆ, ಅರ್ಧ ಫಲ

ಕೈಯಿಂದ ಒಂದೊಂದೇ ಫೈಲ್ ಸರಿಮಾಡಲು ಆಗಲ್ಲ, ಲಕ್ಷಗಟ್ಟಲೆ ಇವೆ. ಫೆಡೋರಾ ತರಹದ ಆರ್‌ಪಿಎಂ ಸಿಸ್ಟಂಗಳಲ್ಲಿ ಪ್ಯಾಕೇಜ್‌ಗಳ ಅನುಮತಿಯನ್ನು ಮೂಲಕ್ಕೆ ತರಲು ಸೆಟ್‌ಪರ್ಮ್ಸ್ ಅನ್ನುವ ಆಯ್ಕೆ ಇದೆ. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಡಿಪಿಕೆಜಿಯಲ್ಲಿ ಅದಿಲ್ಲ. ಅದರ ವೆರಿಫೈ ಆಯ್ಕೆ ಫೈಲ್‌ನ ಒಳಗಿನದ್ದು ಬದಲಾಗಿದೆಯಾ ಅಂತ ನೋಡುತ್ತದೆ. ಅನುಮತಿ ಹೇಗಿದ್ದರೂ ಅದಕ್ಕೆ ಚಿಂತೆಯಿಲ್ಲ.

ಹಾಗಾಗಿ ಇರುವ ಎಲ್ಲ ಪ್ಯಾಕೇಜ್‌ಗಳ ಪಟ್ಟಿ ತೆಗೆದು ಆಪ್ಟ್‌ನ (ಪ್ಯಾಕೇಜ್ ಡೌನ್‌ಲೋಡ್ ಮಾಡಿ ಹಾಕುವ ಕಮಾಂಡ್, /ಆಪ್ಟ್ ಫೋಲ್ಡರ್ ಅಲ್ಲ) ರೀಇನ್‌ಸ್ಟಾಲ್ ಕೊಟ್ಟೆ. ಸಾವಿರದ ಆರುನೂರಕ್ಕೂ ಜಾಸ್ತಿ ಪ್ಯಾಕೇಜ್. ಅಂಗಡಿಯ ಇಂಟರ್‌ನೆಟ್ ಅವತ್ತು ಮಂದ, ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ, ದಿನದ ಡೇಟಾ ಪೂರ್ತಿ ಮುಗಿಯಿತು. ಮೇಲೆ ಬೂಸ್ಟರ್ ಹಾಕಿಸಿಕೊಂಡೆ. ನಡುವೆ ಒಮ್ಮೆ ಕರೆಂಟ್ ಹೋಗಿ ಯುಪಿಎಸ್ ಕಿರುಚಿತು, ಬೇಗ ಬಂತು. ಮಂಡಕ್ಕಿ ಮಿರ್ಚಿ ತಿಂದು ಕಾದೆವು.

ಮುಗಿದ ಮೇಲೆ ನೋಡಿದರೆ /ಯುಎಸ್‌ಆರ್ ಒಳಗಿನ ಫೈಲ್‌ಗಳು ಚೆನ್ನಾಗಿ ಸರಿಹೋಗಿದ್ದವು. ಸೆಟ್‌ಯುಐಡಿ ಬೇಕಾದವಕ್ಕೆಲ್ಲ ಬಂದಿತ್ತು. ಆದರೆ ಎರಡು ಕಡೆ ಏನೂ ಆಗಿರಲಿಲ್ಲ.

ಒಂದು, ಫೋಲ್ಡರ್‌ಗಳು. ಈಗಾಗಲೇ ಇರುವ ಫೋಲ್ಡರಿನ ಅನುಮತಿಯನ್ನು ಡಿಪಿಕೆಜಿ ಮುಟ್ಟುವುದೇ ಇಲ್ಲ. ಒಳಗಿನ ಫೈಲ್ 755, ಅದನ್ನು ಇಟ್ಟ ಫೋಲ್ಡರ್ 777. ಫೋಲ್ಡರಿಗೆ ಬರೆಯಲು ಬಂದರೆ ಫೈಲನ್ನೇ ಬದಲಿಸಬಹುದು, ಹಾಗಾಗಿ ಇದು ಸರಿಯಾದ ಹಾಗಲ್ಲ.

ಎರಡು, /ಇಟಿಸಿ. ಕಾನ್ಫಿಗ್ ಫೈಲ್ ನಮ್ಮದು, ನಾವು ಬದಲಿಸಿರಬಹುದು ಅಂತ ಡಿಪಿಕೆಜಿ ಹಳೇ ಅನುಮತಿಯನ್ನೇ ಉಳಿಸುತ್ತದೆ. ಮಾಮೂಲು ದಿನಗಳಲ್ಲಿ ಒಳ್ಳೇ ಗುಣ. ಇವತ್ತು 777 ಅನ್ನು ಜೋಪಾನವಾಗಿ ಕಾಪಾಡಿತ್ತು.

ಇಷ್ಟು ಇಂಟರ್‌ನೆಟ್ ಸುರಿದು ಇದನ್ನು ಮಾಡುವ ಅಗತ್ಯ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಮುಂದಿನ ಹಂತವನ್ನೇ ಮೊದಲು ಮಾಡಿದ್ದರೆ ಸಾಕಿತ್ತು.

ಶುಕ್ರವಾರ: ಒಳ್ಳೇ ಯಂತ್ರದಿಂದ ಅನುಮತಿಗಳ ಪಟ್ಟಿ

ಬೆಳಿಗ್ಗೆ ಹೋದಾಗ ಪ್ರಿಂಟ್ ಇನ್ನೂ ಇಲ್ಲ. ರಾತ್ರಿ 9ರ ಬ್ಯಾಕಪ್ ಕೂಡ ಆಗಿಲ್ಲ. ಪ್ರಿಂಟರ್ ಡ್ರೈವರ್ ಕಂಪನಿಯೇ ಕೊಡುವ ಡೆಬ್ ಫೈಲ್‌ನಿಂದ (ಪ್ಯಾಕೇಜ್ ಫೈಲ್) ಹಾಕಿದ್ದು, ಉಬುಂಟು ಭಂಡಾರದಲ್ಲಿ ಇಲ್ಲ. ಅದನ್ನು ಡೌನ್‌ಲೋಡ್ ಮಾಡಲು ಆಗಲ್ಲ ಅಂತ ಆಪ್ಟ್ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿತ್ತು. ಸಾವಿರಾರು ಸಾಲಿನ ನಡುವೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ಬ್ಯಾಕಪ್‌ನ ಕ್ರಾನ್ ಫೈಲ್ ನಾವೇ ಬರೆದದ್ದು, ಅದು ಯಾವ ಪ್ಯಾಕೇಜಿಗೂ ಸೇರಿಲ್ಲ. ಎರಡೂ 777 ಆಗಿಯೇ ಕೂತಿದ್ದವು.

ನನ್ನ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಇದೆ, ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ. ಅದರಲ್ಲಿ ಹೊಸದಾಗಿ ಉಬುಂಟು 22.04 ಹಾಕಿ, ಅಪಾಚೆ, ಪಿಎಚ್‌ಪಿ, ಮರಿಯಾಡಿಬಿ, ಎಸ್‌ಎಸ್‌ಎಚ್ ಸೇರಿಸಿದೆ. ಅಲ್ಲಿ ಫೈಂಡ್ ಕಮಾಂಡಿನಿಂದ /ಇಟಿಸಿ, /ಯುಎಸ್‌ಆರ್, /ವಾರ್, /ಬೂಟ್, /ರೂಟ್ ಒಳಗಿನ ಎಲ್ಲದರ ಪಟ್ಟಿ ತೆಗೆದೆ. ಪ್ರಿಂಟ್‌ಎಫ್ ಆಯ್ಕೆಗೆ %ಎಂ ಕೊಟ್ಟರೆ ಅನುಮತಿಯ ಅಂಕಿ ಬರುತ್ತದೆ, ಮುಂದಿನ 4 ಅಥವಾ 1 ಇದ್ದರೆ ಅದೂ ಸೇರಿ. %ಪಿ ಕೊಟ್ಟರೆ ಪೂರ್ತಿ ದಾರಿ. ಸಿಂಬಾಲಿಕ್ ಲಿಂಕ್‌ಗಳನ್ನು ಬಿಟ್ಟೆ. ಅವಕ್ಕೆ ಚ್‌ಮಾಡ್ ಮಾಡಿದರೆ ಅವು ತೋರಿಸುವ ಫೈಲ್‌ಗೆ ಬಡಿಯುತ್ತದೆ.

ಈ ಪಟ್ಟಿಯನ್ನು ಮಂಡಿಯ ಯಂತ್ರಕ್ಕೆ ತಂದು ಒಂದು ಸಣ್ಣ ಲೂಪ್ ಬರೆದೆ: ಸಾಲು ಓದು, ಆ ಫೈಲ್ ಇಲ್ಲಿ ಇದ್ದರೆ ಅನುಮತಿ ಹಾಕು, ಇಲ್ಲದಿದ್ದರೆ ಬಿಡು. ಇರಲಿ ಅಂತ ಮಾಲೀಕನ ಹೆಸರೂ ಪಟ್ಟಿಯಲ್ಲಿ ಸೇರಿಸಿ, ಲೂಪ್‌ನಲ್ಲಿ ಚ್‌ಮಾಡ್ ಆದ ಮೇಲೆ ಚ್‌ಓನ್ ಕೂಡ ಹಾಕಿದ್ದೆ. ಓಡಿತು. ಇನ್ನೊಂದು ಟರ್ಮಿನಲ್‌ನಲ್ಲಿ ಸುಡೋ ಕೊಟ್ಟು ನೋಡಿದರೆ ಬುಧವಾರದ್ದೇ ಸಾಲು: ಸೆಟ್‌ಯುಐಡಿ ಬಿಟ್ ಇರಬೇಕು.

ಕಾರಣ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಫೈಲ್‌ಗೆ ಚ್‌ಓನ್ ಮಾಡಿದ ಕೂಡಲೇ ಲಿನಕ್ಸ್ ಕರ್ನಲ್ ಸೆಟ್‌ಯುಐಡಿ ಬಿಟ್ ಅಳಿಸುತ್ತದೆ. ರೂಟ್ ಮಾಡಿದರೂ ಅಳಿಸುತ್ತದೆ, ಹೆಸರು ಮೊದಲಿನದೇ ಇದ್ದರೂ ಅಳಿಸುತ್ತದೆ. ಅಂದರೆ 4755 ಹಾಕಿ, ಮರುಕ್ಷಣ ನಾನೇ ಅದನ್ನು 755 ಮಾಡುತ್ತಿದ್ದೆ. ಎರಡೂ ಬೇಕಾದರೆ ಚ್‌ಓನ್ ಮೊದಲು, ಚ್‌ಮಾಡ್ ಆಮೇಲೆ. ಇಲ್ಲಿ ಚ್‌ಓನ್ ಬೇಕಾಗಿಯೇ ಇರಲಿಲ್ಲ, ಮಾಲೀಕತ್ವ ಕೆಟ್ಟೇ ಇರಲಿಲ್ಲವಲ್ಲ. ಲೂಪ್ ಓಡಿಸಿದ ರೂಟ್ ಶೆಲ್ ಇನ್ನೂ ತೆರೆದೇ ಇತ್ತು, ಬಚಾವ್. ಆ ಸಾಲು ಕಿತ್ತುಹಾಕಿ ಮತ್ತೆ ಓಡಿಸಿದೆ. ಇಂಥ ಕೆಲಸ ಮಾಡುವಾಗ ಒಂದು ರೂಟ್ ಶೆಲ್ ಬೇರೆ ಕಿಟಕಿಯಲ್ಲಿ ತೆರೆದಿಟ್ಟು, ಎಲ್ಲಾ ಪರೀಕ್ಷೆ ಮುಗಿಯುವವರೆಗೆ ಮುಚ್ಚಬೇಡಿ.

ಈಗ ಉಳಿದದ್ದು ಏನು ಅಂತ ನೋಡಲು ಮತ್ತೆ ಫೈಂಡ್: ಲಿಂಕ್ ಅಲ್ಲದ, ಯಾರು ಬೇಕಾದರೂ ಬರೆಯಬಹುದಾದ ಎಲ್ಲವನ್ನೂ ತೋರಿಸು. ಪಟ್ಟಿ ಚಿಕ್ಕದಾಗಿತ್ತು, ಕೈಯಿಂದ ಮಾಡುವಷ್ಟು.

ಪ್ರಿಂಟರ್ ಡ್ರೈವರ್: ಡೆಬ್ ಫೈಲ್ ಹುಡುಕಿ ಮತ್ತೆ ಹಾಕಿದೆ. ಮೊದಲ ಪ್ರಿಂಟ್ ಬಂತು.

/ಡೇಟಾ/ಮೈಸೀಕ್ವೆಲ್: ಇದು ಬೇರೆ ಡಿಸ್ಕ್, ಆದರೆ ಸ್ಲ್ಯಾಶ್ ಕೆಳಗೇ ಮೌಂಟ್ ಆಗಿರುವುದರಿಂದ ಚ್‌ಮಾಡ್ ಅದಕ್ಕೂ ಇಳಿದಿತ್ತು. ಫೋಲ್ಡರ್ 700, ಫೈಲ್ 660.

/ಹೋಮ್ ಮತ್ತು /ಆಪ್ಟ್/ಮಂಡಿ: ಇಲ್ಲಿ ಒಂದು ಗುಂಡಿ ಇದೆ. ಅನುಮತಿ ಸರಿಮಾಡಲು ದೊಡ್ಡ ಎಕ್ಸ್ ಬಳಸಿ ಅಂತ ಬಹಳ ಜನ ಹೇಳುತ್ತಾರೆ. ದೊಡ್ಡ ಎಕ್ಸ್ ಅಂದರೆ ಫೋಲ್ಡರ್‌ಗಳಿಗೆ ಮತ್ತು ಈಗಾಗಲೇ ಓಡಿಸಬಹುದಾದ ಫೈಲ್‌ಗಳಿಗೆ ಮಾತ್ರ ಓಡಿಸುವ ಅನುಮತಿ. 777 ಆದ ಮೇಲೆ ಎಲ್ಲಾ ಫೈಲೂ ಓಡಿಸಬಹುದಾದದ್ದೇ, ಹಾಗಾಗಿ ಅದು ಏನನ್ನೂ ಬೇರ್ಪಡಿಸುವುದಿಲ್ಲ. ಫೈಂಡ್‌ನಲ್ಲಿ ಟೈಪ್ ಡಿ, ಟೈಪ್ ಎಫ್ ಅಂತ ಬೇರೆ ಬೇರೆ ಮಾಡಿ ಫೋಲ್ಡರಿಗೆ 755, ಫೈಲ್‌ಗೆ 644 ಕೊಟ್ಟೆ. ಹೋಮ್‌ನ ಮೇಲಿನ ಫೋಲ್ಡರ್ 750, ಡಾಟ್ ಎಸ್‌ಎಸ್‌ಎಚ್ 700, ಅದರೊಳಗಿನ ಕೀ 600. ಆಮೇಲೆ ಬ್ಯಾಕಪ್ ಸ್ಕ್ರಿಪ್ಟ್‌ಗೆ ಮಾತ್ರ ಓಡಿಸುವ ಅನುಮತಿ ಮರಳಿ ಕೊಡಬೇಕು. 644 ಮಾಡುವಾಗ ಅದೂ ಹೋಗಿರುತ್ತದೆ. ಬ್ಯಾಕಪ್ಪನ್ನು ಕೈಯಿಂದ ಒಮ್ಮೆ ಓಡಿಸಿ ನೋಡಿದ್ದಕ್ಕೆ ಇದು ಗೊತ್ತಾಯಿತು.

ಇನ್ನು ಬುಧವಾರದ ಮೂಲ ತೊಂದರೆ. ಪಟ್ಟಿ ಫೋಲ್ಡರಿನ ಮಾಲೀಕ ರೂಟ್ ಆಗಿದ್ದ. ಹಿಂದೆ ಯಾವಾಗಲೋ ಸುಡೋ ಹಾಕಿ ಕಾಪಿ ಮಾಡಿದ ಫಲ. ಅಪಾಚೆ ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಅನ್ನುವ ಯೂಸರ್ ಹೆಸರಿನಲ್ಲಿ. ಆ ಫೋಲ್ಡರನ್ನು ಅದರ ಹೆಸರಿಗೆ ಚ್‌ಓನ್ ಮಾಡಿದೆ, ಪಿಡಿಎಫ್ ಸೇವ್ ಆಯಿತು. 777 ಎಲ್ಲಿಯೂ ಬೇಕಾಗಲಿಲ್ಲ.

ಭಾನುವಾರ: ಹೊಸ ಎಸ್‌ಎಸ್‌ಡಿ

ಓಡುತ್ತಿರುವ ಯಂತ್ರವನ್ನು ಯಾಕೆ ಮತ್ತೆ ಬಿಚ್ಚಬೇಕು ಅಂತ ಸಾವ್ಕಾರ್ರು ಕೇಳಿದರು. ನಾನು ಹೇಳಿದ್ದು: ನಾನು ಹೋಲಿಸಿದ್ದು ನನ್ನ ವರ್ಚುವಲ್ ಯಂತ್ರದಲ್ಲಿ ಇದ್ದ ಫೈಲ್‌ಗಳನ್ನು ಮಾತ್ರ. ಇಲ್ಲಿ ಇದ್ದು ಅಲ್ಲಿ ಇಲ್ಲದ್ದನ್ನು ಊಹೆ ಮೇಲೆ ಸರಿಮಾಡಿದ್ದೇನೆ. ಎರಡು ರಾತ್ರಿ ಎಲ್ಲಾ ಫೈಲ್ ಎಲ್ಲರಿಗೂ ತೆರೆದಿತ್ತು. ಆರು ತಿಂಗಳಾದ ಮೇಲೆ ಒಂದು ಅಪ್‌ಡೇಟ್ ಕೈಕೊಟ್ಟರೆ, ಅದು ಇದರಿಂದಲೋ ಬೇರೆಯದರಿಂದಲೋ ಅಂತ ಹೇಳಲು ನನ್ನಿಂದ ಆಗಲ್ಲ. ಒಪ್ಪಿದರು.

ಅಶೋಕ ರಸ್ತೆ ಕಡೆಯಿಂದ ಎಸ್‌ಎಸ್‌ಡಿ ತರುವಾಗ ರೈಲ್ವೆ ಗೇಟ್ ಬಿದ್ದಿತ್ತು. ಅದೇ ದೊಡ್ಡ ತಡ. ಹೊಸ ಡಿಸ್ಕ್‌ಗೆ ಉಬುಂಟು, ಪ್ಯಾಕೇಜ್‌ಗಳು, ಟಾರ್‌ನಿಂದ ಆ್ಯಪ್, ಕಾನ್ಫಿಗ್‌ನಲ್ಲಿ ಬೇಕಾದ ಸಾಲುಗಳು ಮಾತ್ರ. ಇಡೀ /ಇಟಿಸಿ ಸುರಿಯಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಎರಡು ದಿನ ತಡಕಾಡಿದ ಕೆಲಸದ ಪಕ್ಕ ಇದು ಏನೂ ಅಲ್ಲ. ಆದರೆ ಗುರುವಾರವೇ ಇದನ್ನು ಮಾಡಲು ಅಂಗಡಿ ನಿಲ್ಲಿಸಬೇಕಿತ್ತು, ಸೀಸನ್‌ನಲ್ಲಿ ಅದು ಆಗುವ ಮಾತಲ್ಲ.

ಹೊಸದರಲ್ಲಿ ಸೇರಿಸಿದ್ದು ಇಷ್ಟು.

ಚ್‌ಮಾಡ್, ಚ್‌ಓನ್ ಎರಡಕ್ಕೂ ಪ್ರಿಸರ್ವ್-ರೂಟ್ ಸೇರಿಸಿದ ಅಲಿಯಾಸ್, ಅಂದರೆ ಟೈಪ್ ಮಾಡಿದ ಪದದ ಬದಲು ಶೆಲ್ ಹಾಕಿಕೊಳ್ಳುವ ಕಮಾಂಡ್. ಅದಷ್ಟೇ ಹಾಕಿದರೆ ಸುಡೋ ಮುಂದೆ ಬಂದಾಗ ಕೆಲಸ ಮಾಡಲ್ಲ. ಶೆಲ್ ಮೊದಲ ಪದದ ಅಲಿಯಾಸ್ ಮಾತ್ರ ನೋಡುತ್ತದೆ. ಹಾಗಾಗಿ ಸುಡೋಗೂ ಒಂದು ಅಲಿಯಾಸ್ ಬೇಕು, ಅದರ ಕೊನೆಗೆ ಒಂದು ಸ್ಪೇಸ್ ಇರಬೇಕು. ಆ ಸ್ಪೇಸ್ ಇದ್ದರೆ ಬ್ಯಾಶ್ (ಉಬುಂಟುವಿನ ಶೆಲ್) ಮುಂದಿನ ಪದವನ್ನೂ ಅಲಿಯಾಸ್‌ಗಾಗಿ ನೋಡುತ್ತದೆ. ವರ್ಚುವಲ್ ಯಂತ್ರದಲ್ಲಿ ಸ್ನ್ಯಾಪ್‌ಶಾಟ್ ತಗೊಂಡು ಬುಧವಾರದ ಕಮಾಂಡನ್ನೇ ಹಾಗೇ ಕೊಟ್ಟೆ. ಸ್ಲ್ಯಾಶ್ ಮೇಲೆ ಹೀಗೆ ಇಳಿಯುವುದು ಅಪಾಯ ಅಂತ ಹೇಳಿ ನಿಂತಿತು. ಸ್ಲ್ಯಾಶ್ ಪಕ್ಕ ನಕ್ಷತ್ರ ಹಾಕಿದರೆ ಈ ಕಾವಲು ಹಿಡಿಯಲ್ಲ. ಚ್‌ಮಾಡ್ ಕೈಗೆ ಬರುವ ಮೊದಲೇ ಶೆಲ್ ಅದನ್ನು ಬಿಡಿಸಿ ಫೋಲ್ಡರ್‌ಗಳ ಹೆಸರು ಮಾಡಿರುತ್ತದೆ.

ಅಂಗಡಿಯ ಯೂಸರ್‌ಗೆ ಪೂರ್ತಿ ಸುಡೋ ಇಲ್ಲ. ಪಟ್ಟಿ ಫೋಲ್ಡರಿನ ಮಾಲೀಕತ್ವ ಸರಿಮಾಡುವ ಒಂದು ಸ್ಕ್ರಿಪ್ಟ್, ಪ್ರಿಂಟರ್ ಸೇವೆ ರೀಸ್ಟಾರ್ಟ್ ಮಾಡುವ ಒಂದು ಕಮಾಂಡ್, ಇವೆರಡಕ್ಕೆ ಮಾತ್ರ. ಹುಡುಗನಿಗೆ ಸ್ವಲ್ಪ ಬೇಜಾರಾಯಿತು. ಮನೆಯಲ್ಲಿ ಕಲಿಯಲಿ ಅಂತ ವರ್ಚುವಲ್‌ಬಾಕ್ಸ್ ಹಾಕಿಕೊಟ್ಟೆ, ಅಲ್ಲಿ ಎಷ್ಟು ಬೇಕಾದರೂ ಒಡೆಯಲಿ.

ಬಿಲ್ಲಿಂಗ್ ಪುಟದ ತಲೆಯಲ್ಲಿ ಡೇಟಾಬೇಸ್ ಯಾವ ಫೋಲ್ಡರಿನಿಂದ ಓಡುತ್ತಿದೆ, ಕೊನೇ ಪಟ್ಟಿಯ ದಿನಾಂಕ ಯಾವುದು ಅಂತ ತೋರಿಸುವ ಒಂದು ಸಾಲು ಸೇರಿಸಿದೆ. /ಡೇಟಾ/ಮೈಸೀಕ್ವೆಲ್ ಅಲ್ಲದಿದ್ದರೆ ಸಾಲು ಕೆಂಪಾಗುತ್ತದೆ, ಪಟ್ಟಿ ಮಾಡುವ ಬಟನ್ ಮುಚ್ಚಿಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಉಳಿದ ಎಲ್ಲಕ್ಕಿಂತ ಉಪಯೋಗದ್ದು ಇದು. ಕಂಪ್ಯೂಟರ್ ಪೂರ್ತಿ ನಿಂತಿದ್ದರೆ ಯಾರೂ ತಪ್ಪು ಪುಸ್ತಕಕ್ಕೆ ಬರೆಯುತ್ತಿರಲಿಲ್ಲ. ಅದು ಅರ್ಧ ಓಡಿದ್ದೇ ತಾಪತ್ರಯ ಆದದ್ದು.

ರಾತ್ರಿಯ ಬ್ಯಾಕಪ್ ಜೊತೆಗೆ ಫೈಂಡ್‌ನ ಅನುಮತಿ ಪಟ್ಟಿಯೂ ಹೋಗುತ್ತದೆ. ಸಂಕುಚಿಸಿದರೆ ಕೆಲವೇ ಎಂಬಿ. ಮುಂದೆ ಹೀಗಾದರೆ ಬೇರೆ ಯಂತ್ರ ಹುಡುಕಬೇಕಿಲ್ಲ.

ಖರ್ಚು

250 ಜಿಬಿ ಎಸ್‌ಎಸ್‌ಡಿ ₹2,150. ಪೆನ್‌ಡ್ರೈವ್ ₹350. ಡೇಟಾ ಬೂಸ್ಟರ್ ₹49, ಅದು ನನ್ನ ಲೆಕ್ಕಕ್ಕೆ. ಕೂಲಿ ₹1,500 ಹೇಳಿದ್ದೆ, ಸಾವ್ಕಾರ್ರು 2,000 ಕೊಟ್ಟರು.

ಹಳೇ ಎಸ್‌ಎಸ್‌ಡಿಯನ್ನು ಅಳಿಸಿಲ್ಲ. ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ ಸಾವ್ಕಾರ್ರ ಬೀರುವಿನಲ್ಲಿ ಇಟ್ಟಿದೆ. ಸೀಸನ್ ಮುಗಿದು ವರ್ಷದ ಲೆಕ್ಕ ತಾಳೆಯಾದ ಮೇಲೆ ಅದನ್ನು ಖಾಲಿ ಮಾಡಿ ಬ್ಯಾಕಪ್‌ಗೆ ಬಳಸುವುದು. ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ಎತ್ತಿ ನೋಡುವ ಪರೀಕ್ಷೆ ಇನ್ನೂ ಬಾಕಿ. ಅದನ್ನೂ ಆಗಲೇ ಮಾಡುತ್ತೇನೆ.